ಟರ್ಫಿಗೆ ಬಂದ ಪ್ರೇಕ್ಷಕ

ಬಾಳಗಡಿಯ ಅಂಚಿನ ಗದ್ದೆಯೊಂದಕ್ಕೆ ಸುರೇಶ ಪ್ಲಾಸ್ಟಿಕ್ ಹುಲ್ಲು ಹಾಸಿ, ಸುತ್ತ ಬಲೆ ಕಟ್ಟಿ, ಟರ್ಫ್ ಮಾಡಿದಾಗ ನನಗಾದಷ್ಟು ಸಂತೋಷ ಅವನಿಗೂ ಆಗಿರಲಾರದು. ವರ್ಗವಾಗಿ ಈ ಊರಿಗೆ ಬಂದು ವರ್ಷವಾಗಿತ್ತು. ಕಾಲೇಜಿನಲ್ಲಿ ಪಾಠ, ಬಾಡಿಗೆ ಕೋಣೆಯಲ್ಲಿ ಊಟ. ಆಮೇಲೆ ಮಾತಿಗೆ ಸಿಗುತ್ತಿದ್ದುದು ಕುಕ್ಕರ್ ಒಂದೇ. ಕ್ರಿಕೆಟ್ ಆಡಿದರೆ ನಾಲ್ಕು ಜನ ಗೆಳೆಯರಾದಾರು ಎಂಬುದು ನನ್ನ ಘನ ಯೋಜನೆ.

ಸಂಜೆ ಹೋಗಿ ಬಲೆಯ ಹೊರಗೆ ನಿಲ್ಲುತ್ತಿದ್ದೆ. ಹಾರಿ ಬಂದ ಚೆಂಡು ಹೆಕ್ಕಿ ಕೊಡುತ್ತಿದ್ದೆ. ಕೊನೆಗೊಂದು ದಿನ ಸುರೇಶನೇ ಕೇಳಿದ.

"ಸರ್, ಭಾನುವಾರ ಒಬ್ರು ಕಡಿಮೆ ಇದ್ದಾರೆ. ನಿಮ್ಗೆ ಬೌಲಿಂಗ್ ಬರ್ತದಾ?"

"ಎಂಥ ಪ್ರಶ್ನೆ ಮಾರಾಯ!" ಎಂದೆ.

ಬರುತ್ತಿರಲಿಲ್ಲ.

ಹಾಗಾಗಿ ಭಾನುವಾರ ಬೆಳಕು ಹರಿಯುವಾಗಲೇ ಒಬ್ಬನೇ ಅಭ್ಯಾಸಕ್ಕೆ ಹೋದೆ. ಕೀಲಿ ಕೊಡುವಾಗ ಸುರೇಶ ಹೇಳಿದ್ದ: "ಗೇಟ್ ಹಾಕ್ಕೊಳ್ಳಿ ಸರ್. ಬೇಸಿಗೆ. ಹಸಿರು ಕಂಡ್ರೆ ನುಗ್ತಾವೆ."

ಪ್ಲಾಸ್ಟಿಕ್ಕಿಗೆ ಮೋಸಹೋಗುವಷ್ಟು ದಡ್ಡ ದನ ಇರಲಾರದು ಎಂದು ತೀರ್ಮಾನಿಸಿ, ಸ್ನಾತಕೋತ್ತರ ಪದವೀಧರನಾದ ನಾನು ಗೇಟನ್ನು ತೆರೆದೇ ಬಿಟ್ಟೆ.

ಚೆಂಡೆಸೆದೆ. ನಾನೇ ಓಡಿ ಹೆಕ್ಕಿ ತಂದೆ. ಮತ್ತೆ ಎಸೆದೆ. ಬೆವರಿಳಿಯುವ ಹೊತ್ತಿಗೆ ಒಂದು ಚೆಂಡು ಹೋಗಿ ಸ್ಟಂಪಿಗೇ ಬಡಿಯಿತು! ಬೆನ್ನ ಹಿಂದೆ ಯಾರೋ 'ಉಸ್ಸ್' ಎಂದು ಮೆಚ್ಚಿಕೊಂಡರು. ಸುರೇಶನಿರಬೇಕು.

"ಹೇಗಿತ್ತು?" ಎಂದು ಬೀಗುತ್ತ ತಿರುಗಿದೆ.

ಕಾಡುಕೋಣ!

ಗೇಟಿನಷ್ಟೇ ಅಗಲವಿತ್ತು. ನಾನು ಆಚೆ ತುದಿಗೆ ಓಡಿ ಬಲೆ ಹತ್ತಿದೆ. ಬಲೆ ಜೋತುಬಿತ್ತು. ಒಂದು ಕಾಲು ಬಲೆ ಹರಿದು ತೊಡೆಯವರೆಗೆ ಇಳಿಯಿತು. ಒಣಹಾಕಿದ ಅಂಗಿಯಂತೆ ನೇತಾಡಿದೆ. ಫೋನು ಕೆಳಗೆ ಚೀಲದಲ್ಲಿತ್ತು. ಕೈಯಲ್ಲಿದ್ದರೂ ಆ ಹೊತ್ತಿನಲ್ಲಿ ಯಾರಿಗೆ ಮಾಡಲಿ? ಕುಕ್ಕರಿಗೆ ನಂಬರಿಲ್ಲ.

ಅದು ಹುಲ್ಲಿಗೆ ಬಾಯಿ ಹಾಕಿತು. ಜಗಿಯಿತು. ಉಗುಳಿತು. ಇದಕ್ಕೆಲ್ಲ ನಾನೇ ಹೊಣೆ ಎಂಬಂತೆ ನಿಧಾನ ನನ್ನ ಕೆಳಗೆ ಬಂದು ನಿಂತಿತು. ಬಿಸಿಯುಸಿರು ಅಂಗಾಲಿಗೆ ತಾಗಿತು. ಕೊಂಬಿಗೂ ನನ್ನ ಕಾಲಿಗೂ ಒಂದು ಗೇಣಿತ್ತೋ ಇಲ್ಲವೋ. ಇವತ್ತಿಗೂ ಕಣ್ಣು ಮುಚ್ಚಿದರೆ ಆ ಕೊಂಬೇ ಕಾಣುತ್ತದೆ. ಎಷ್ಟು ಹೊತ್ತೋ ಹಾಗೆ ನಿಂತು, ಪಿಚ್ಚಿನ ನಡುವೆ ಧಾರಾಳವಾಗಿ ಸೆಗಣಿ ಹಾಕಿ, ಬಂದ ದಾರಿಯಲ್ಲೇ ಹೊರಟುಹೋಯಿತು.

ಆಟಕ್ಕೆ ಬಂದವರು ಸಾಲಾಗಿ ನಿಂತು ತಲೆಯೆತ್ತಿದರು.

"ಎಂತ ಸರ್, ಚೆಂಡು ಮೇಲೆ ಸಿಕ್ಕಿಬಿತ್ತಾ?"

"ಕಾ... ಕಾಡುಕೋಣ!"

"ಕಾಟಿಯಾ? ಎಲ್ಲುಂಟು ಮಾರಾಯ್ರೆ?"

ಸುರೇಶ ಸೆಗಣಿ ನೋಡಿದ. ಬಾಯಿಯ ಮೇಲೆ ಕೈಯಿಟ್ಟ. "ಅಯ್ಯೋ, ಹೊಸ ಹುಲ್ಲು!"

ಸೆಗಣಿ ತೊಳೆಯಲು ಮೊದಲು ನೀರಿನ ಪೈಪು ಬಂತು. ಏಣಿ ಆಮೇಲೆ.

ಆ ದಿನದಿಂದ ನನ್ನನ್ನು ತಂಡಕ್ಕೆ ಸೇರಿಸಿಕೊಂಡಿದ್ದಾರೆ. ಗೇಟು ಕಾಯಲು! "ನಿಮ್ಗೆ ಅನುಭವ ಉಂಟು ಸರ್," ಎಂದ ಸುರೇಶ. ಅವರು ಆಡುತ್ತಾರೆ; ನಾನು ಆಟಕ್ಕೆ ಬೆನ್ನು ಹಾಕಿ ಕಾಡು ನೋಡುತ್ತ ಕೂರುತ್ತೇನೆ. ನಾನು ಸ್ಟಂಪ್ ಹಾರಿಸಿದ್ದನ್ನು ಕಂಡ ಏಕೈಕ ಸಾಕ್ಷಿ ಅಲ್ಲೆಲ್ಲೋ ಮೇಯುತ್ತಿದೆ.

ಕುಕ್ಕರನ್ನು ಅಟ್ಟಕ್ಕೆ ಹಾಕಿದ್ದೇನೆ. ಅದು 'ಉಸ್ಸ್' ಎಂದಾಗಲೆಲ್ಲ ಕುರ್ಚಿ ಹತ್ತಿ ನಿಲ್ಲುತ್ತಿದ್ದೆ. ಈಗ ಅನ್ನ ಪಾತ್ರೆಯಲ್ಲೇ ಬೇಯುತ್ತದೆ.

ಪಾತ್ರೆ ಮಾತಾಡುವುದಿಲ್ಲ.