ಸಣ್ಣ ಅಕ್ಷರದ ಬಂದರು

ನಮ್ಮ ಸೋದರಮಾವನಿಗೆ ನಾಳೆ ಸ್ವರ್ಗದಿಂದ ಕರೆ ಬಂತೆನ್ನಿ. ಅವನು ಕೇಳುವ ಮೊದಲ ಪ್ರಶ್ನೆ ಯಾವುದು ಗೊತ್ತೇ? 'ಹಿತ್ತಲ ಬಾಗಲಾ ಯಾವ ಕಡಿ ಐತ್ರಿ?' ಮುಂಬಾಗಿಲಲ್ಲಿ ಪುಣ್ಯವಂತರೆಲ್ಲ ನೂಕಾಡುತ್ತಿರುತ್ತಾರೆ, ಆ ಗದ್ದಲದಲ್ಲಿ ಯಾರು ನಿಲ್ಲಬೇಕು ಎಂಬುದು ಅವನ ವಾದ. ಹಿತ್ತಲಿಗೆ ಹೋಗಲು ಎರಡು ಹರದಾರಿ ಸುತ್ತಾದರೂ ಚಿಂತೆಯಿಲ್ಲ. ಅಲ್ಲಿಗೆ ಮುಟ್ಟುವಷ್ಟರಲ್ಲಿ ಬಾಗಿಲು ಹಾಕಿ ಬೀಗ ಜಡಿದಿದ್ದರಂತೂ ಇನ್ನೂ ಸಂತೋಷ! 'ಎಷ್ಟ ಶಾಂತ ಐತಿ ನೋಡು' ಎನ್ನುತ್ತ ಕಟ್ಟೆಯ ಮೇಲೆ ಕುಳಿತು ಎಲೆ ಅಡಿಕೆಯ ಚೀಲ ಬಿಚ್ಚುತ್ತಾನೆ.

ಸುಳ್ಳು ಹೇಳುತ್ತಿದ್ದೇನೆ ಅಂದುಕೊಂಡಿರಾ? ಹಾಗಾದರೆ ಬಸ್ಸಿನ ಕತೆ ಕೇಳಿ. ನಮ್ಮೂರು ಸೊರಡಿಯ ಆಚೆ, ಮಹಾರಾಷ್ಟ್ರಕ್ಕೆ ಸೇರಿದ ಜತ್ತಕ್ಕೆ ಹೋಗುವ ದಾರಿಯಲ್ಲಿದೆ. ಅರವತ್ತರ ದಶಕದ ಆ ದಿನಗಳಲ್ಲಿ ಬೆಳಿಗ್ಗೆ ಒಂದೇ ಒಂದು ಎಸ್‌ಟಿ. ಅದು ನಮ್ಮೂರಿಗೆ ಬರುವಷ್ಟರಲ್ಲಿ ಸಂತೆಗೆ ಹೊರಟ ಮಂದಿ, ಬುಟ್ಟಿ, ಕೋಳಿ, ಒಮ್ಮೊಮ್ಮೆ ಒಂದು ಹೋತ, ಎಲ್ಲ ಸೇರಿ ತುಂಬಿ ತುಳುಕುತ್ತಿತ್ತು. ಮಾವ ಏನು ಮಾಡುತ್ತಿದ್ದ? ನಸುಕಿನಲ್ಲಿ ಎದ್ದು, ಅತ್ತೆಯನ್ನು ಕರೆದುಕೊಂಡು, ಜತ್ತಕ್ಕೆ ಬೆನ್ನು ಹಾಕಿ ಐದು ಮೈಲಿ ಹಿಂದಕ್ಕೆ ನಡೆದು, ಬಸ್ಸು ಹೊರಡುವ ಊರಿಗೆ ಹೋಗುತ್ತಿದ್ದ! ಖಾಲಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಮತ್ತೆ ನಮ್ಮೂರಿಗೇ ಬರುತ್ತಿದ್ದ. ನಾವೆಲ್ಲ ಬೇವಿನ ಗಿಡದ ಕೆಳಗೆ ಕಾಯುತ್ತ ನಿಂತಿರುವಾಗ ಕಿಟಕಿಯಲ್ಲಿ ಅವನ ರುಮಾಲು ಕಾಣುತ್ತಿತ್ತು. 'ಬರ್ರಿ, ಬರ್ರಿ, ಜತ್ತಕ್ಕ ಹೊಂಟೀರೇನು?' ಎಂದು ಪರದೇಶದಿಂದ ಬಂದವನ ಹಾಗೆ ವಿಚಾರಿಸುತ್ತಿದ್ದ.

ಒಂದು ದಿನ ಕಂಡಕ್ಟರನಿಗೆ ತಡೆಯಲಾಗಲಿಲ್ಲ. 'ಅಲ್ರಿ ಕಾಕಾ, ದಿನಾ ಹಿಂದಕ್ಕ ಐದು ಮೈಲ ನಡೀತೀರಿ. ಅಷ್ಟ ಮುಂದಕ್ಕ ನಡದಿದ್ರ ಜತ್ತ ಬರತಿತ್ತಲ್ರಿ.'

'ಬರತಿತ್ತು,' ಅಂದ ಮಾವ. 'ಆದ್ರ ಕುಂತು ಹೋದಂಗ ಆಗತಿತ್ತೇನು?'

ಕ್ಷೌರದ ವಿಷಯವೂ ಹೀಗೇ. ನಮ್ಮ ಮಂದಿಯಲ್ಲಿ ಸೋಮವಾರ ಶಿವನ ವಾರ, ಅಂದು ಯಾರೂ ಮುಖಕ್ಕೆ ಕತ್ತಿ ಮುಟ್ಟಿಸುವುದಿಲ್ಲ. ಕ್ಷೌರದವನೂ ಅಂದು ಕಾಲು ಚಾಚಿ ಮಲಗಿರುತ್ತಿದ್ದ. ಅವನನ್ನು ಎಬ್ಬಿಸಿ ಮಾವ ನುಣ್ಣಗೆ ಗಡ್ಡ ಬೋಳಿಸಿಕೊಂಡು ಬರುತ್ತಿದ್ದ. ಬಾಗಿಲಲ್ಲೇ ನಮ್ಮ ಅಜ್ಜಿಯ ಅರ್ಚನೆ ಶುರುವಾಗುತ್ತಿತ್ತು: 'ಮೂಳಾ, ನಿನ್ನ ಗಡ್ಡಕ್ಕ ಬ್ಯಾರೆ ವಾರ ಇಲ್ಲೇನೋ?' 'ಐತವ್ವಾ. ಆದ್ರ ಆ ವಾರ ಊರ ಮಂದೀದೂ ಗಡ್ಡ ಇರತೈತಿ.'

ಗುಡ್ಡಾಪುರದ ದಾನಮ್ಮದೇವಿಗೆ ತಾಲೂಕೆಲ್ಲ ಕಾರ್ತಿಕದಲ್ಲಿ ಹೋದರೆ ಇವನು ಅತ್ತೆಯೊಂದಿಗೆ ಹೋಗುತ್ತಿದ್ದುದು ಕಡು ಬೇಸಿಗೆಯ ಯಾವುದೋ ಮಧ್ಯಾಹ್ನ. ಒಮ್ಮೆ ಪೂಜಾರಿ ಊಟಕ್ಕೆ ಹೋಗಿದ್ದವನು ತಿರುಗಿ ಬಂದು ಗಾಬರಿಯಾದನಂತೆ. 'ಇವತ್ತ ಏನ ವಿಶೇಷ ಐತ್ರಿ?' 'ಏನೂ ಇಲ್ಲಂತನ ಬಂದೀವ್ರಿ,' ಎಂದನಂತೆ ಮಾವ. ಪೂಜಾರಿ ಪಂಚಾಂಗ ತೆಗೆದು ಇನ್ನೊಮ್ಮೆ ನೋಡಿಕೊಂಡನಂತೆ ಪಾಪ.

ಇನ್ನು ಅತ್ತೆ. ಇಂಥವನ ಜೊತೆ ಬಾಳ್ವೆ ಮಾಡಿದವಳಿಗೆ ಎಷ್ಟು ದೊಡ್ಡ ಬಾಯಿರಬೇಕು ಹೇಳಿ! ಆದರೆ ಅತ್ತೆಯದು ಬಲು ಸಣ್ಣ ದನಿ. ಅಡಿಗೆಮನೆಯಲ್ಲಿ ಆಡಿದ ಮಾತು ಪಡಸಾಲೆಗೆ ಬರುವುದಿಲ್ಲ. ಮಾತಿಗೂ ಬರಗಾಲ. ಏನನ್ನೂ ಬೇಡಿದವಳಲ್ಲ. ಒಂದು ಕುಬಸದ ಕಣ ಕೂಡ ಬಾಯಿಬಿಟ್ಟು ಕೇಳಿದ್ದನ್ನು ನಾನು ಕಂಡಿಲ್ಲ.

ಅಂಥವಳು ಒಂದು ಸಂಜೆ ಕೇಳಿಯೇಬಿಟ್ಟಳು. ಮಿರಜದಲ್ಲಿದ್ದ ಅವಳ ದೊಡ್ಡಪ್ಪನ ಮಗಳು ಮುಂಬಯಿಯಿಂದ ಗೋವೆಗೆ ಹೊಗೆ ಬಿಡುವ ಹಡಗಿನಲ್ಲಿ, ಆಗಬೋಟು ಅನ್ನುತ್ತಿದ್ದೆವಲ್ಲ ಅದರಲ್ಲಿ, ಹೋಗಿಬಂದಿದ್ದಳು. ನಮ್ಮೂರಿಗೆ ಬಂದು ಎರಡು ದಿನ ಅದೇ ಪುರಾಣ ಹೇಳಿ ಹೋದಳು. ಅವಳು ಹೋದ ಮೇಲೆ ಅತ್ತೆ ರೊಟ್ಟಿ ಬಡಿಯುತ್ತ, 'ಏನ್ರಿ, ನಾನೂ ಒಮ್ಮಿ ಹಡಗಿನ್ಯಾಗ ಕುಂದರಬೇಕು ಅನಸತೈತಿ,' ಅಂದಳು. ನಾನೂ ಅಲ್ಲೇ ಊಟಕ್ಕೆ ಕುಳಿತಿದ್ದೆ. ಮಾವ ತುತ್ತು ಕೈಯಲ್ಲೇ ಹಿಡಿದು, 'ಏನಂದಿ?' ಅಂದ. ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಇನ್ನೊಮ್ಮೆ ಹೇಳಿದಳು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವಳು ಬೇಡಿದ್ದು ಅದೊಂದೇ. ಅಂದಿನಿಂದ ಮಾವನಿಗೆ ಊಟ ನಿದ್ದೆ ರುಚಿಸಲಿಲ್ಲ. ಅವಳನ್ನು ಹಡಗು ಹತ್ತಿಸಲೇಬೇಕು!

ಆದರೆ ಹಡಗು ಎಂದರೇನು ಎಂದು ನಮಗೆ ಯಾರಿಗೆ ಗೊತ್ತಿತ್ತು? ನಮ್ಮ ಕಡೆ ಹಳ್ಳವೆಂದರೆ ಮರಳು. ಮಳೆಗಾಲದಲ್ಲಿ ನಾಲ್ಕು ದಿನ ನೀರು ಹರಿದರೆ ಊರೆಲ್ಲ ನೋಡಲು ಹೋಗುತ್ತದೆ. ಇಂಥ ಊರಿನಲ್ಲಿ ಕುಳಿತು ಮಾವ ಸಮುದ್ರಯಾನದ ಯೋಜನೆ ಹಾಕತೊಡಗಿದ. ನಾನು ಆಗಷ್ಟೇ ಊರಿನ ಕನ್ನಡ ಸಾಲಿಯಲ್ಲಿ ಮಾಸ್ತರನಾಗಿದ್ದೆ. ಸಾಲಿ ಬಿಟ್ಟ ಮೇಲೆ ಅವನು ಬಂದು ಗೋಡೆಯ ನಕಾಶೆಯ ಮುಂದೆ ಜೋಳದ ದಂಟು ಹಿಡಿದು ನಿಂತ.

'ಇದು ಏನು?'

'ರತ್ನಾಗಿರಿ, ಮಾವಾ. ಅಲ್ಲೆ ಹಡಗ ನಿಂದರತೈತಿ. ಅಲ್ಲಿಂದನ ಹತ್ತೂಣು.'

'ಇಷ್ಟ ದೊಡ್ಡ ಅಕ್ಷರದಾಗ ಬರದಾರ. ದೊಡ್ಡ ಅಕ್ಷರ ಅಂದ್ರ ದೊಡ್ಡ ಗದ್ದಲ. ಬ್ಯಾಡ.'

ದಂಟು ದಂಡೆಗುಂಟ ಕೆಳಗಿಳಿಯಿತು. ನಡುವಿನ ಅಕ್ಷರದ ಬಂದರುಗಳೂ ತಿರಸ್ಕೃತವಾದವು. ಕೊನೆಗೆ ಕಣ್ಣಿಗೆ ಕಂಡೂ ಕಾಣದಂಥ ಅಕ್ಷರದಲ್ಲಿ ಬರೆದ ಒಂದು ಹೆಸರಿನ ಮೇಲೆ ನಿಂತಿತು. ಅದನ್ನು ಓದಲು ನಾನು ಬೆಂಚಿನ ಮೇಲೆ ಹತ್ತಬೇಕಾಯಿತು. ಆ ಊರಿನ ಹೆಸರನ್ನು ಇಲ್ಲಿ ಹೇಳುವುದಿಲ್ಲ. ನಮ್ಮ ಫಜೀತಿಗೆ ಅದನ್ನೇಕೆ ಹೊಣೆ ಮಾಡಬೇಕು?

'ಮಾವಾ, ಸಣ್ಣ ಬಂದರದಾಗ ಹಡಗ ದಂಡಿಗೆ ಬರೂದಿಲ್ಲಂತ. ದೂರ ನಿಂದರತೈತಂತ. ಅಲ್ಲೀತನಾ ದೋಣ್ಯಾಗ ಹೋಗಬೇಕಂತ.'

'ಯಾಕ ಬರೂದಿಲ್ಲ? ಹಾದ್ಯಾಗ ನಿಂತು ಕೈ ಮಾಡಿದ್ರ ಎಸ್‌ಟಿ ನಿಂದರತೈತಿ. ಇದಕ್ಕೇನ ದಾಡಿ?'

ನಮ್ಮ ತಾಲೂಕಿನಲ್ಲಿ ಎಸ್‌ಟಿಗೆ ನಿಲ್ದಾಣ ಎಂಬುದು ಹೆಸರಿಗಷ್ಟೇ. ಹೊಲದ ಬದುವಿನಲ್ಲಿ ನಿಂತು ಕೈ ಎತ್ತಿದರೂ ಡ್ರೈವರ್ ನಿಲ್ಲಿಸುತ್ತಾನೆ. ಮಾವನಿಗೆ ವಾಹನಶಾಸ್ತ್ರವೆಂದರೆ ಇಷ್ಟೇ, ಅದು ನೆಲದ್ದಿರಲಿ ನೀರಿನದಿರಲಿ.

ಹಿಂಗಾರಿ ಜೋಳ ಬಿತ್ತಿ ಮುಗಿಸಿ ನಾವು ಮೂವರು ಹೊರಟೆವು. ಮರಾಠಿ ಕಾಗದಪತ್ರ ಓದಲು ಒಬ್ಬ ಬೇಕೆಂದು ನನಗೆ ರಜೆ ಹಾಕಿಸಿದ್ದ. ಬುತ್ತಿಯಲ್ಲಿ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ. ಮಾವನ ತಲೆಯ ಮೇಲೆ ನಮ್ಮ ಬಾವಿಯ ನೀರು ತುಂಬಿದ ಒಂದು ಕೊಡ! 'ಸಮುದ್ರದ ನೀರು ಉಪ್ಪಂತ. ಆ ಊರಿನ ಮಂದಿ ಏನ ಕುಡೀತಾರೋ ಏನೋ.' ಮಿರಜ ದಾಟಿ ಕೊಲ್ಲಾಪುರ ಮುಟ್ಟುವವರೆಗೆ ಆ ಕೊಡವನ್ನು ಒಬ್ಬರಾದ ಮೇಲೊಬ್ಬರು ಮಡಿಲಲ್ಲಿಟ್ಟುಕೊಂಡು ಕುಳಿತೆವು. ಇಳಿದಾಗ ಮೂವರೂ ಒದ್ದೆ, ಕೊಡ ಅರ್ಧ ಖಾಲಿ.

ಕೊಲ್ಲಾಪುರದಲ್ಲಿ ಆ ಬಂದರಿನ ಬಸ್ಸು ಯಾವುದೆಂದು ಕೇಳಿದರೆ ಚೌಕಶಿಯ, ಅಂದರೆ ವಿಚಾರಣೆಯ, ಕಿಟಕಿಯಲ್ಲಿದ್ದವನು ಇನ್ನೊಬ್ಬನನ್ನು ಕೇಳಿದ, ಅವನು ಮತ್ತೊಬ್ಬನನ್ನು ಕರೆದ. ನನ್ನ ಎದೆ ಕುಸಿಯಿತು. ಮಾವನದು ಅರಳಿತು. 'ನೋಡಿದ್ಯಾ? ಇವರಿಗೂ ಗೊತ್ತಿಲ್ಲ. ಎಂಥ ಚಲೋ ಊರು ಹಿಡದೀನಿ!' ಮರುದಿನ ಬಸ್ಸು ಘಾಟು ಇಳಿದಂತೆಲ್ಲ ಒಬ್ಬೊಬ್ಬರೇ ಇಳಿದುಹೋದರು. ಒಬ್ಬೊಬ್ಬ ಇಳಿದಾಗಲೂ ಮಾವ ನನ್ನ ತೊಡೆ ತಟ್ಟುತ್ತಿದ್ದ. ಕೊನೆಗೆ ಬಸ್ಸಿನಲ್ಲಿ ನಾವು ಮೂವರೇ ಉಳಿದೆವು.

ಊರು ನಿಜಕ್ಕೂ ಶಾಂತವಾಗಿತ್ತು. ಒಣಗಲು ಹಾಕಿದ ಬಲೆಗಳು, ಒಂದು ನಾಯಿ, ದೋಣಿ ಕಟ್ಟುವ ಕಲ್ಲಿನ ಧಕ್ಕೆ, ಅದರ ಮೇಲೆ ಬಲೆ ಹೊಲಿಯುತ್ತ ಕುಳಿತ ಒಬ್ಬ ಮುದುಕ. ಅದರಾಚೆ ಸಮುದ್ರ. ಅಷ್ಟು ನೀರನ್ನು ಒಂದೇ ಕಡೆ ನಾವು ಯಾರೂ ಕಂಡಿರಲಿಲ್ಲ. ಅತ್ತೆ ಸೆರಗು ಹೊದ್ದು ಕೈ ಮುಗಿದಳು. ಮಾವ ಅವಳನ್ನು ಧಕ್ಕೆಯ ತುದಿಗೆ ಕರೆದೊಯ್ದು ಗಂಟಿನ ಮೇಲೆ ಕೂರಿಸಿದ. ನಾನು ಮುದುಕನ ಹತ್ತಿರ ಹೋಗಿ ಮರಾಠಿಯಲ್ಲಿ, ಹಡಗು ಎಷ್ಟು ಹೊತ್ತಿಗೆ ಎಂದು ಕೇಳಿದೆ.

ಅವನು ಸೂಜಿ ಇಳಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಹಡಗು ಇಲ್ಲಿ ನಿಲ್ಲುವುದನ್ನು ಬಿಟ್ಟು ಎರಡು ವರ್ಷವಾಯಿತು ಅಂದ. ಯಾಕೆ ಅಂದೆ. ಹತ್ತುವವರೇ ಬರುತ್ತಿರಲಿಲ್ಲವಲ್ಲ ಅಂದ.

ನಮ್ಮ ಮಾವ ಇಡೀ ಕೊಂಕಣದಲ್ಲಿ ಹುಡುಕಿ ಹುಡುಕಿ, ಹಡಗು ಕೂಡ ಬಾರದಷ್ಟು ಶಾಂತವಾದ ಬಂದರನ್ನು ಆರಿಸಿದ್ದ!

ಹೇಳಲು ಹೋಗುವಷ್ಟರಲ್ಲಿ ದೂರದಲ್ಲಿ ಹೊಗೆ ಕಂಡಿತು. ಬಿಳಿಯ ಹಡಗು, ಹೆಬ್ಬೆರಳಿನಷ್ಟು. ಮಾವ ಎದ್ದು ನಿಂತ. ಬೇವಿನ ಗಿಡದ ಕೆಳಗೆ ನಿಂತವರು ಮಾಡುವ ಹಾಗೆಯೇ ಕೈ ಮಾಡಿದ. 'ಮಾವಾ, ಅದು ನಿಂದರೂದಿಲ್ಲ. ಇಲ್ಲೆ ನಿಂದರೂದು ಬಿಟ್ಟು ಎರಡ ವರ್ಷ ಆತಂತ,' ಅಂದೆ. ಅವನು ಕೇಳಿದನೋ ಇಲ್ಲವೋ. ತಲೆಯ ರುಮಾಲು ಬಿಚ್ಚಿದ. ಹತ್ತು ಮೊಳದ ಕೆಂಪು ರುಮಾಲನ್ನು ಎರಡೂ ಕೈಯಲ್ಲಿ ಹಿಡಿದು ಬೀಸತೊಡಗಿದ. ನಾಯಿ ಬೊಗಳಿತು. ಮುದುಕ ಬಲೆ ಕೆಳಗಿಟ್ಟು ನೋಡುತ್ತ ಕುಳಿತ. ಹಡಗು ಉತ್ತರದಿಂದ ದಕ್ಷಿಣಕ್ಕೆ ತನ್ನ ಪಾಡಿಗೆ ತಾನು ಹೋಗುತ್ತಿತ್ತು. ಅದು ಗುಡ್ಡದ ಮರೆಗೆ ಸೇರುವವರೆಗೂ ಮಾವ ಬೀಸಿದ.

'ಸಾಕ ಬಿಡ್ರಿ. ಕೈ ನೋಯತಾವು,' ಅಂದಳು ಅತ್ತೆ. ಅಷ್ಟೇ ಅಂದಳು. ಅಳಲಿಲ್ಲ, ಸಿಡುಕಲಿಲ್ಲ.

ನನಗೆ ಮಾತ್ರ ತಡೆಯಲಾಗದಷ್ಟು ಸಿಟ್ಟು ಬಂತು. ಅತ್ತೆ ನೀರಿನಲ್ಲಿ ಕಾಲು ತೊಳೆಯಲು ಮೆಟ್ಟಿಲಿಳಿದಾಗ ಮಾವನನ್ನು ತರಾಟೆಗೆ ತೆಗೆದುಕೊಂಡೆ. ಜೀವಮಾನದಲ್ಲಿ ಅವನಿಗೆ ಎದುರಾಡಿದ್ದು ಅದೊಂದೇ ಸಲ. 'ಇಪ್ಪತ್ತೆರಡ ವರ್ಷದಾಗ ಒಂದ ಕೇಳ್ಯಾಳ ಆಕಿ. ರತ್ನಾಗಿರಿಗೆ ಹೋಗಿದ್ರ ಇಷ್ಟೊತ್ತಿಗೆ ಹಡಗಿನ್ಯಾಗ ಇರತಿದ್ಲು. ನಿನಗ ಗದ್ದಲ ಅಂದ್ರ ಆಗೂದಿಲ್ಲ, ಖರೆ. ಆಕೀ ಸಲುವಾಗಿ ಒಂದ ದಿನ ತಡಕೊಳ್ಳಾಕ ಆಗಲಿಲ್ಲೇನು?'

ಮಾವ ರುಮಾಲು ಸುತ್ತಿಕೊಳ್ಳುತ್ತಿದ್ದ. ಕೈ ನಿಲ್ಲಿಸಿದ.

'ಗದ್ದಲಾ ನನಗೇನ ಮಾಡತೈತೋ ತಮ್ಮಾ,' ಅಂದ. 'ಬಾವಿ ತೋಡಾಗ ಕಲ್ಲಿಗೆ ಮದ್ದು ತುಂಬಿ ಸುರಂಗ ಹಾರಿಸಿದ್ವಿ. ನೀ ಆಗ ಸಣ್ಣಾವ ಇದ್ದಿ. ಅವತ್ತಿಂದ ಎಡಗಿವಿ ಸತ್ತೈತಿ. ಬಲಗಿವೀನೂ ಅಷ್ಟಕ್ಕಷ್ಟ. ಮಂದಿ ಇದ್ದಲ್ಲೆ ಎಲ್ಲಾರ ಮಾತೂ ಕೇಳಸತಾವು, ಇಕಿ ಮಾತೊಂದು ಕೇಳಸೂದಿಲ್ಲ. ಜೋರ ಮಾತಾಡು ಅಂದ್ರ ಸುಮ್ಮನ ಆಗಿಬಿಡತಾಳ. ಹಡಗಿನ್ಯಾಗ ಕುಂತು ಇಕಿ ಏನರ ಅಂತಾಳ, ಅದನ್ನ ನಾ ಕೇಳಬೇಕಾಗಿತ್ತು.'

ನನಗೆ ನೆಲಕ್ಕಿಳಿದು ಹೋದಂತಾಯಿತು. ಬಸ್ಸು, ಕ್ಷೌರದವನು, ಪೂಜಾರಿ ಎಂದು ಊರೂರಿಗೆ ಹೇಳಿ ನಕ್ಕಿದ್ದೆನಲ್ಲ! ಊರಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಕಿವುಡ ಅನ್ನಿಸಿಕೊಳ್ಳುವುದಕ್ಕಿಂತ ತಿಕ್ಕಲ ಅನ್ನಿಸಿಕೊಳ್ಳುವುದೇ ಮೇಲೆಂದು ಅವನು ನಿರ್ಧರಿಸಿಬಿಟ್ಟಿದ್ದ.

ಅಷ್ಟರಲ್ಲಿ ಮುದುಕ ಎದ್ದು ಬಂದ. ರುಮಾಲಿನ ಆಟ ಅವನ ಮನಸ್ಸಿಗೆ ತಾಗಿತ್ತೋ ಏನೋ, ತನ್ನ ಮೀನಿನ ದೋಣಿಯಲ್ಲಿ ಒಂದು ಸುತ್ತು ಕರೆದೊಯ್ಯುತ್ತೇನೆ ಅಂದ. ಮಾವ ಮೊಳಕಾಲಿಗಿಂತ ಆಳದ ನೀರಿಗೆ ಎಂದೂ ಇಳಿದವನಲ್ಲ. ಆ ದೋಣಿಯೋ ನಾವು ರೊಟ್ಟಿಯ ಹಿಟ್ಟು ನಾದುವ ಮರದ ಕೊಣಮಿಗೆಗಿಂತ ಒಂದಿಷ್ಟು ದೊಡ್ಡದು. ಅತ್ತೆ ಸರಸರ ಹತ್ತಿ ಕುಳಿತಳು. ಮಾವ ದಾನಮ್ಮನ ಹೆಸರು ಹೇಳುತ್ತ, ಮುದುಕನ ಕೊರಳು ತಬ್ಬಿ ಹತ್ತಿದ. ನನಗೆ ಜಾಗ ಉಳಿಯಲಿಲ್ಲ.

ದೋಣಿ ಸ್ವಲ್ಪ ದೂರ ಹೋಗಿರಬೇಕು, ಮಾವ ದಿಢೀರನೆ ಎದ್ದು ನಿಂತ! ದೋಣಿ ಓಲಾಡಿತು. ಕೂತುಕೊಳ್ಳಿ, ಕೂತುಕೊಳ್ಳಿ ಎಂದು ಮುದುಕ ಮರಾಠಿಯಲ್ಲಿ ಬೈಯುವುದು ನನಗೆ ದಂಡೆಯವರೆಗೂ ಕೇಳಿಸಿತು. ಮಾವ ಬಿದ್ದೇಬಿಟ್ಟ ಅಂದುಕೊಂಡೆ. ಬೀಳಲಿಲ್ಲ. ಅತ್ತೆಯ ಭುಜ ಹಿಡಿದು, ಅವಳನ್ನು ದಾಟಿ ಆಚೆ ಬದಿಗೆ ಕುಳಿತ. ಅವಳು ಅವನ ಎಡಕ್ಕೆ ಕುಳಿತುಬಿಟ್ಟಿದ್ದಳು. ಈಗ ಬಲಕ್ಕೆ ಬಂದಳು.

ಆಮೇಲೆ ಅತ್ತೆ ಮಾತಾಡಿದಳು. ದಂಡೆಯಿಂದ ನನಗೆ ಅವಳ ತಲೆ ಅವನತ್ತ ಬಾಗಿದ್ದು, ಕೈ ಅತ್ತ ಇತ್ತ ತೋರಿಸುತ್ತಿದ್ದುದು ಕಾಣುತ್ತಿತ್ತು. ನಮ್ಮತ್ತೆ ಅಷ್ಟು ಹೊತ್ತು ಮಾತಾಡಬಲ್ಲಳೆಂದು ನನಗೆ ಗೊತ್ತೇ ಇರಲಿಲ್ಲ. ಮಾವ ಅಲ್ಲಾಡದೆ ಕುಳಿತು ಕೇಳುತ್ತಿದ್ದ.

ಸಂಜೆಯ ಬಸ್ಸಿಗೆ ಕಾಯುತ್ತ ಕುಳಿತಾಗ ಅತ್ತೆ ಕೊಡ ತೊಳೆಯಲು ಹೋದಳು. ನಾನು ಮಾವನ ಬಲಗಡೆಗೆ ಹೋಗಿ ಕುಳಿತು, 'ಅಷ್ಟೊತ್ತು ಏನ ಹೇಳಿದ್ಲು ಮಾವಾ ಅತ್ತಿ?' ಎಂದು ಕೇಳಿದೆ.

ಮಾವ ಎಲೆಗೆ ಸುಣ್ಣ ಹಚ್ಚುತ್ತಿದ್ದ. ಹಚ್ಚಿದ ಎಲೆಯನ್ನು ಮಡಚಿ ನನ್ನ ಕೈಗಿಟ್ಟ.

'ಒಂದೂ ಬಿಡದಂಗ ಕೇಳಸ್ತೋ ತಮ್ಮಾ,' ಅಂದ.