ಗುಬ್ಬಚ್ಚಿಗೊಂದು ತೂತು

"ಈ ಬಡಾವಣೇಲಿ ಗುಬ್ಬಚ್ಚಿ ಸಂಸಾರ ಹೂಡೋ ಹಾಗೆ ಮಾಡ್ದೇ ಇದ್ರೆ, ಕೇಳ್ಕೋ, ನಾನು ಮೀಸೆ ಬೋಳಿಸ್ಕೋತೀನಿ!"

ಗಣಿತದ ಮೇಷ್ಟ್ರು ಹೀಗೆ ಗುಡುಗಿದಾಗ ಅವರ ಹೆಂಡತಿ ಅಡುಗೆಮನೆಯಿಂದಲೇ ಕೇಳಿದಳು: "ಅದಕ್ಕೆ ಮೊದ್ಲು ಬೆಳೆಸ್ಬೇಕಲ್ಲಾ ರೀ?"

ಮೀಸೆ ಇಲ್ಲದಿದ್ದರೇನು, ಸಿಟ್ಟು ಅಪ್ಪಟವಾಗಿತ್ತು. ಬಿಲ್ಡರ್ ಇದ್ದಬದ್ದ ಮರಗಳನ್ನೆಲ್ಲ ಉರುಳಿಸಿ, ಸತ್ತ ಮರಗಳ ಹೆಸರನ್ನೇ ರಸ್ತೆಗಳಿಗಿಟ್ಟು, ಹೆಬ್ಬಾಗಿಲಲ್ಲಿ ಪ್ಲಾಸ್ಟಿಕ್ ಹುಲ್ಲು ಹಾಸಿ 'ಪ್ರಕೃತಿಯ ಮಡಿಲಿಗೆ ಸ್ವಾಗತ' ಎಂದು ಫಲಕ ನೆಟ್ಟಿದ್ದ. ಕೊಲೆ ಮಾಡಿದವನೇ ಶ್ರದ್ಧಾಂಜಲಿ ಸಭೆಯ ಅಧ್ಯಕ್ಷನಾದಂತೆ! ಗೋಡೆಗಳೋ, ಇರುವೆ ಹತ್ತಿದರೂ ಜಾರಿ ಕಾಲು ಮುರಿದುಕೊಳ್ಳುವಷ್ಟು ನುಣುಪು. ಹಕ್ಕಿ ಎಲ್ಲಿಗೆ ಹೋಗಬೇಕು?

ಮೇಷ್ಟ್ರು ಬಿಲ್ಡರನ ಆಫೀಸಿಗೆ ನುಗ್ಗಿ ಮೇಜು ಗುದ್ದಿದರು. ಮತ್ತೆ ಹೋಗಿ ಗುದ್ದಿದರು. ಮೇಜಿನ ಕಾಲು ಅಲುಗಾಡತೊಡಗಿದ ಮೇಲೆ ಬಿಲ್ಡರ್ ಬಗ್ಗಿದ. ಬೀದಿಯ ಪ್ರತಿ ಮನೆಯ ಸಜ್ಜಾದ ಕೆಳಗೂ ಒಂದೊಂದು 'ಗೂಡಿಟ್ಟಿಗೆ' ಬಂದು ಕೂತಿತು. ಒಳಗೆ ಪೊಳ್ಳು, ಮುಂದೆ ಗುಬ್ಬಚ್ಚಿ ನುಗ್ಗುವಷ್ಟು ತೂತು.

"ಆದ್ರೆ ಒಂದು ಮಾತು ಮೇಷ್ಟ್ರೇ," ಎಂದ ಬಿಲ್ಡರ್. "ಬೇಸಿಗೆಯ ಕೊನೇ ಭಾನುವಾರ ಬರ್ತೀನಿ. ಒಂದೇ ಒಂದು ಹಕ್ಕಿ ಸಂಸಾರ ತೋರ್ಸಿ, ಬಡಾವಣೆ ಎರಡನೇ ಹಂತದಲ್ಲಿ ಕಟ್ಟೋ ಅಷ್ಟೂ ಮನೆಗೂ ಗೂಡು ಮಾಡಿಸ್ತೀನಿ. ತೋರ್ಸ್ಲಿಲ್ವೋ, ಇನ್ನು ನನ್ನ ಮೇಜು ಮುಟ್ಕೂಡ್ದು!"

ಬೇಸಿಗೆ ಕಳೆಯುತ್ತ ಬಂತು. ಗೂಡಿಟ್ಟಿಗೆಗಳತ್ತ ಒಂದು ಪುಕ್ಕವೂ ಸುಳಿಯಲಿಲ್ಲ. ಮೇಷ್ಟ್ರು ಕತ್ತೆತ್ತಿ ನೋಡಿ ನೋಡಿ ಕುತ್ತಿಗೆ ಉಳುಕಿಸಿಕೊಂಡರು.

ಅವರ ಮನೆಯಲ್ಲಿ ಇನ್ನೊಂದು ತೂತೂ ಇತ್ತು. ಅಡುಗೆಮನೆಯ ಹಿಂದಿನ ಗೋಡೆಯಲ್ಲಿ ಪೈಪು ಹಾಯಿಸಲೆಂದು ಮೇಷ್ಟ್ರೇ ಕೊರೆದು, ಅಳತೆ ತಪ್ಪಿ, ಹಾಗೇ ಬಿಟ್ಟದ್ದು. ಗಣಿತದ ಮೇಷ್ಟ್ರ ಅಳತೆ! "ಆ ತೂತು ಒಂಚೂರು ನೋಡ್ಬನ್ರೀ," ಎಂದು ಹೆಂಡತಿ ದಿನಾ ಹೇಳುತ್ತಿದ್ದಳು. "ನಾಳೆ!" ಎಂದು ಮೇಷ್ಟ್ರು ದಿನಾ ಗದರುತ್ತಿದ್ದರು. ಜೀವಸಂಕುಲದ ಉಳಿವಿಗೆ ಹೋರಾಡುವವನಿಗೆ ಅಡುಗೆಮನೆಯ ಗೋಡೆ ಒಂದು ಲೆಕ್ಕವೇ?

ಕೊನೇ ಭಾನುವಾರ ಬಂದೇಬಂತು. ಪರೀಕ್ಷೆಯ ಪತ್ರಿಕೆ ತಿದ್ದಲು ಪರವೂರಿಗೆ ಹೋಗಿದ್ದ ಮೇಷ್ಟ್ರು ಬೆಳಿಗ್ಗೆ ಮರಳಿ ಬೀದಿಗೆ ಕಾಲಿಟ್ಟರೆ, ಗೂಡಿಟ್ಟಿಗೆಗಳ ಬಾಯೆಲ್ಲ ಸಿಮೆಂಟಿನಿಂದ ಬಂದ್! ಒಂದೂ ಬಿಡದೆ!

"ಯಾವನ್ರೀ ಅವ್ನು? ಧೈರ್ಯ ಇದ್ರೆ ಹೊರಗೆ ಬರ್ಲಿ!"

ಪಕ್ಕದ ಮನೆಯ ಹಲ್ಲಿನ ಡಾಕ್ಟರು ಟವೆಲ್ಲಿನಲ್ಲೇ ಬಂದರು. ಮೇಷ್ಟ್ರು ಎಗರಿಬಿದ್ದರು. "ನೀವೇ! ತೂತು ಕಂಡಲ್ಲೆಲ್ಲಾ ತುಂಬೋ ಚಟ ಈ ಬೀದೀಲಿ ಇನ್ಯಾರಿಗಿದೆ?"

"ರೀ ಮೇಷ್ಟ್ರೇ, ನಾಲಿಗೆ ಬಿಗಿ ಹಿಡೀರಿ! ನೀವೇ ಜನ ಕಳ್ಸಿ, ನನ್ನ ಮೇಲೇ ಕೂಗ್ತೀರಾ? ಅಲ್ನೋಡಿ!"

ಬೀದಿಯ ತುದಿಯಲ್ಲಿ ಏಣಿ. ಏಣಿಯ ಮೇಲೆ ಕರಣೆ ಹಿಡಿದ ಮಾವ! ಜೀವಮಾನವೆಲ್ಲ ಗಾರೆ ಕೆಲಸ ಮಾಡಿದ ಹಿರಿಯರು. ಮಗಳ ಮನೆಗೆ ಬಂದಿದ್ದರು. ಮಗಳು ನರ್ಸು, ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದಳು. ತಡೆಯುವವರಿರಲಿಲ್ಲ.

"ಬಂದ್ರಾ ಅಳಿಯಂದಿರೇ? ಆ ಬಿಲ್ಡರು ಶುದ್ಧ ಕಳ್ಳ! ಒಂದು ಮನೆ ಗೋಡೇನೂ ಪೂರ್ತಿ ಮುಗ್ಸಿಲ್ಲ. ಇವತ್ತು ಯಾರೋ ನೋಡೋಕೆ ಬರ್ತಾರಂತಲ್ಲ, ನಿಮ್ಮ ಮರ್ಯಾದೆ ಉಳೀಲಿ ಅಂತ ನಾನೇ ಮುಚ್ಬಿಟ್ಟೆ."

ಮಾವನ ಮೇಲೆ ಕೂಗುವಂತಿಲ್ಲ, ಕೂಗದಿದ್ದರೆ ಎದೆ ಒಡೆಯುವಂತಿದೆ. ಮೇಷ್ಟ್ರು ಆ ಸಿಟ್ಟನ್ನೆಲ್ಲ ಸುತ್ತಿಗೆಗೆ ಕೊಟ್ಟು, ಅದೇ ಏಣಿಯನ್ನು ತಮ್ಮ ಮನೆಗೆ ಒರಗಿಸಿ ಹತ್ತಿ, ಗೂಡಿಟ್ಟಿಗೆಯ ಬಾಯಿಗೆ ಉಳಿಯಿಟ್ಟು ಹೊಡೆದರು. ಮಾವನ ಗಾರೆ ಜಪ್ಪಯ್ಯ ಅನ್ನಲಿಲ್ಲ. ಇಟ್ಟಿಗೆ ಮಾತ್ರ ಇಡಿಯಾಗಿ ಕಳಚಿ ಧೊಪ್ಪೆಂದು ಬಿತ್ತು, ಸರಿಯಾಗಿ ಆಗಷ್ಟೇ ಬಂದು ನಿಂತ ಬಿಲ್ಡರನ ಕಾರಿನ ಮೂತಿಯ ಮೇಲೆ!

"ಹಕ್ಕಿ ತೋರ್ಸಿ ಅಂದ್ರೆ ಇಟ್ಟಿಗೆ ಎಸೀತೀರೇನ್ರೀ?" ಬಿಲ್ಡರ್ ಕೆಂಡವಾದ. "ಆಯ್ತಲ್ಲ ನಿಮ್ಮ ಗೂಡಿನ ಕಥೆ? ಎರಡನೇ ಹಂತದಲ್ಲಿ ಒಂದು ಸೂಜಿ ಹೋಗೋಷ್ಟೂ ತೂತು ಬಿಡಲ್ಲ!"

ಏಣಿಯ ಮೇಲೆ ನಿಂತ ಮೇಷ್ಟ್ರಿಗೆ ಇಳಿಯುವುದು ಹೇಗೆಂದೇ ಮರೆತುಹೋಯಿತು.

ಅಷ್ಟರಲ್ಲಿ ಡ್ಯೂಟಿ ಮುಗಿಸಿ ಬಂದ ಹೆಂಡತಿ ಕೈಚೀಲವನ್ನೂ ಇಳಿಸದೆ, "ಕೂಗಾಡ್ಬೇಡಿ, ಎಲ್ರೂ ಹಿತ್ತಲಿಗೆ ಬನ್ನಿ," ಎಂದಳು.

ಹಿತ್ತಲಲ್ಲಿ ಮೇಷ್ಟ್ರ ಅಳತೆ ತಪ್ಪಿದ ತೂತಿನಿಂದ ಒಣಹುಲ್ಲು ಜೋತಾಡುತ್ತಿತ್ತು. ತಾಯಿ ಗುಬ್ಬಚ್ಚಿ ಹುಳ ಕಚ್ಚಿಕೊಂಡು ಸುಯ್ಯೆಂದು ಒಳನುಗ್ಗಿತು. ಒಳಗಿಂದ ಮರಿಗಳ ಗಲಾಟೆಯೋ ಗಲಾಟೆ!

"ಇದೊಂದು ಮುಟ್ಬೇಡಿ ಅಂತ ಮಗಳು ಹೋಗೋವಾಗ್ಲೇ ಹೇಳಿದ್ಲು," ಎಂದರು ಮಾವ, ಬೇಸರದಿಂದ.

"ನನಗ್ಯಾಕೆ ಹೇಳ್ಲಿಲ್ಲ?" ಮೇಷ್ಟ್ರು ಸಿಡಿದರು.

"ದಿನಾ ಹೇಳ್ದೆ. ತೂತು ನೋಡ್ಬನ್ನಿ, ತೂತು ನೋಡ್ಬನ್ನಿ ಅಂತ. ನಾಳೆ ಅಂದ್ರಿ!"

ಬಿಲ್ಡರ್ ತಲೆ ಕೆರೆದುಕೊಂಡ. "ಮಾತು ಅಂದ್ರೆ ಮಾತು. ಎರಡನೇ ಹಂತದ ಎಲ್ಲಾ ಗೋಡೇಲೂ ಹೀಗೇ ಒಂದೊಂದು ತೂತು ಬಿಡಿಸ್ತೀನಿ. ಅಷ್ಟು ಸಾಕಲ್ವಾ ಅಮ್ಮಾ?"

"ಎಲ್ಲಿ ಸಾಕಾಗುತ್ತೆ?" ಎಂದಳು ಆಕೆ. "ಅದನ್ನ ಮುಚ್ದೇ ಹಾಗೇ ಇಟ್ಕೊಳ್ಳೋಕೆ ಮನೆಗೊಬ್ಬ ಇಂಥ ಗಂಡನ್ನೂ ನೀವೇ ಒದಗಿಸ್ಬೇಕು!"