ಐವತ್ತು ಮುಟ್ಟಬೇಕಾದ ಮುಳ್ಳು

ಸುಂದ್ರಮ್ಮನ ತುಟಿ ಒಡೆದದ್ದೇ ಇಷ್ಟಕ್ಕೆಲ್ಲ ಮೂಲ. ಪಿರಿಯಾಪಟ್ಟಣದ ಸೀಮೆಗೆ ಆ ಡಿಸೆಂಬರಿನಲ್ಲಿ ಬೀಸಿದ್ದು ಅಂತಿಂಥ ಒಣಗಾಳಿಯಲ್ಲ. ಹಾಲು ಕಾಯಿಸಲು ಇಟ್ಟರೆ ಉಕ್ಕುವ ಮೊದಲೇ ಪುಡಿಯಾಗುತ್ತಿತ್ತು. ಹುಂಜ ಕೂಗಲು ಬಾಯಿ ತೆರೆದರೆ ಗಂಟಲು ಒಣಗಿ, ಎರಡು ಸಲ ಕೆಮ್ಮಿ ಸುಮ್ಮನಾಗುತ್ತಿತ್ತು. ಇನ್ನು ಸುಂದ್ರಮ್ಮನ ಪಾಡು ಕೇಳಬೇಕೆ? ತುಟಿ ಬೇಸಿಗೆಯ ಕೆರೆಯಂಗಳದಂತೆ ಬಿರಿದಿತ್ತು, ಮೂಗಿನಲ್ಲಿ ರಕ್ತ ಒಸರುತ್ತಿತ್ತು, ಗಂಡನನ್ನು ಬೈಯಲು ಹೊರಟರೆ ದನಿ ಅರ್ಧಕ್ಕೇ ನಿಲ್ಲುತ್ತಿತ್ತು. ಮೊದಲಿನ ಎರಡನ್ನು ಅವಳು ಹೇಗೋ ಸಹಿಸಿಕೊಂಡಳು. ಮೂರನೆಯದು ಮಾತ್ರ ಆಗಲಿಲ್ಲ.

ಬೆಟ್ಟದಪುರದ ಡಾಕ್ಟರು, "ಮನೆಯೊಳಗಿನ ಗಾಳಿ ತೀರ ಒಣಗಿದೆಯಮ್ಮ. ತೇವಾಂಶ ನಲವತ್ತರಿಂದ ಐವತ್ತು ಇರೋ ಹಾಗೆ ನೋಡ್ಕೊಳ್ಳಿ" ಎಂದಿದ್ದರು. ಗಂಡ ಗಂಗಾಧರಪ್ಪ ಬೈಲಕುಪ್ಪೆಯ ಅಂಗಡಿಯಿಂದ ತೇವ ತೋರಿಸುವ ದುಂಡು ಮೀಟರೊಂದನ್ನು ತಂದು ನಡುಮನೆಯ ಗೋಡೆಗೆ ತಗುಲಿಹಾಕಿದ. ಮುಳ್ಳು ಒಂದೇ ಸಲ ಕೊಸರಾಡಿ, ಇಪ್ಪತ್ತಾರಕ್ಕೆ ಬಂದು ಮಲಗಿಬಿಟ್ಟಿತು.

"ನೋಡ್ರೀ," ಎಂದಳು ಸುಂದ್ರಮ್ಮ, ಬಟ್ಟೆ ತುಂಬಿದ ಚೀಲವನ್ನು ಜಗುಲಿಯ ಮೇಲಿಟ್ಟು. "ಸಂಜೆ ಐದು ಗಂಟೆ ಬಸ್ಸಿನ ಗಂಟ ಟೇಮು. ಅಷ್ಟರೊಳಗೆ ಆ ಮುಳ್ಳು ಐವತ್ತು ತೋರಿಸ್ಬೇಕು. ಇಲ್ದಿದ್ರೆ ನಾನು ಕೆ.ಆರ್. ನಗರಕ್ಕೆ ಹೊಂಟೆ. ನಮ್ಮ ತವರುಮನೆ ನಾಲೆ ಪಕ್ಕದಲ್ಲೇ ಅದೆ, ಗದ್ದೆ ಗಾಳಿ ತಂಪಾಗಿರ್ತದೆ. ಇನ್ನು ಯುಗಾದಿಗೇ ಬರೋದು."

ಗಂಗಾಧರಪ್ಪ ಚೀಲ ನೋಡಿದ, ಮುಳ್ಳು ನೋಡಿದ. ಹೋದ ಸಲ ಅವಳು ಮೂರೇ ದಿನ ತವರಿಗೆ ಹೋಗಿದ್ದಾಗ ಅವನು ತೊಳಸಿದ ರಾಗಿಮುದ್ದೆಯನ್ನು ಬೆಕ್ಕು ಮೂಸಿ ನೋಡಿ, ಕಾಲಿನಿಂದ ಮಣ್ಣು ಮುಚ್ಚಿ ಹೋಗಿತ್ತು. ಯುಗಾದಿಯವರೆಗೆ ಎಂದರೆ ಮೂರು ತಿಂಗಳು!

"ಐವತ್ತು ತಾನೆ? ಆ ಮುಳ್ಳನ್ನ ಅಲ್ಲಿಗೆ ಏರಿಸ್ದಿದ್ರೆ ನಾನು ಗಂಗಾಧರಪ್ಪನೇ ಅಲ್ಲ" ಎಂದು ಪಂಚೆ ಎತ್ತಿಕಟ್ಟಿದ.

ಕಿಟಕಿಗಳನ್ನು ಮುಚ್ಚಿದ. ಹೆಂಡತಿಯ ಹದಿನಾಲ್ಕು ಸೀರೆಗಳನ್ನು ನೆನೆಸಿ ಅಡ್ಡಡ್ಡ ಹಗ್ಗ ಕಟ್ಟಿ ಹರವಿದ. ಒದ್ದೆ ಗೋಣಿಚೀಲ ನೆಲಕ್ಕೆ ಹಾಸಿದ. ಮುಳ್ಳು ಇಪ್ಪತ್ತಾರು.

ಪಕ್ಕದ ಮನೆಯ ಚಿಕ್ಕಬೀರಮ್ಮ ಕರೆಯದೆಯೇ ಬಂದಳು. ಎಂಬತ್ತು ವರ್ಷದ ಮುದುಕಿ. ಊರಿನಲ್ಲಿ ಯಾರ ಮನೆ ಒಲೆ ಹೊಗೆಯಾಡಿದರೂ ಏನು ಬೇಯುತ್ತಿದೆ ಎಂದು ಕೇಳದೆ ಬಿಟ್ಟವಳಲ್ಲ. "ಸೀರೆ ನೆನೆಸಿದ್ರೆ ಏನಾದದು ಕಣ್ಲಾ ಮಗ? ಹಂಡೆಲಿ ನೀರು ಕುದ್ಸು, ಆವಿ ಬುಡು" ಎಂದಳು.

ಮೂರು ಹಂಡೆ ನೀರು ಕುದಿದು ಆರಿತು. ನಡುಮನೆಯಲ್ಲಿ ಮೋಡ ಕಟ್ಟಿ, ಸೂರಿನ ಹಲ್ಲಿ ನೆಗಡಿಯಾಗಿ ಸೀನಿತು. ಮುಳ್ಳು ಇಪ್ಪತ್ತೇಳಕ್ಕೆ ಏರಿತು. ಎಲ್ಲರೂ ಉಸಿರು ಬಿಗಿಹಿಡಿದು ನೋಡುತ್ತಿದ್ದಂತೆಯೇ ಮತ್ತೆ ಇಪ್ಪತ್ತಾರಕ್ಕೆ ಇಳಿಯಿತು.

ಅಷ್ಟರಲ್ಲಿ ಎದುರುಮನೆಯ ಕಾಂತರಾಜ್ ಬೆನ್ನಿಗೆ ಸ್ಪ್ರೇ ಪಂಪು ಕಟ್ಟಿಕೊಂಡು ಯುದ್ಧಕ್ಕೆ ಹೊರಟವನಂತೆ ನುಗ್ಗಿದ. "ಹೊಸ ಪಂಪು ಕಣ್ ಗಂಗಣ್ಣ, ಇನ್ನೂ ಔಷಧಿ ಮುಟ್ಟಿಲ್ಲ. ಬರೀ ನೀರು. ಸರ್‍ಕೊ!" ಎಂದವನೇ ಮೂಲೆ ಮೂಲೆಗೆ ಹೊಡೆದ. ಗೋಡೆಯ ಮೇಲಿನ ಶಿವನಿಗೆ ಮೂರು ಸಲ ಅಭಿಷೇಕವಾಯಿತು. ಚಿಕ್ಕಬೀರಮ್ಮನಿಗೆ ಎರಡು ಸಲ.

"ಲೇ ಕಾಂತ್ರಾಜ! ನಾನೇನು ನಿನ್ ಬದನೆ ಗಿಡವೇನ್ಲಾ?"

ಮಧ್ಯಾಹ್ನ ಮೂರಾದರೂ ಮುಳ್ಳು ಇಪ್ಪತ್ತೆಂಟು. ಗಂಗಾಧರಪ್ಪ ಹೊತ್ತ ಕೊಡಗಳ ನೀರಿನಲ್ಲಿ ಒಂದು ಎಕರೆ ನಾಟಿ ಮಾಡಬಹುದಿತ್ತು. "ಇಷ್ಟೊಂದು ನೀರು ಹೋಗ್ತಿರೋದಾದ್ರೂ ಎಲ್ಲಿಗಯ್ಯಾ?" ಎಂದು ತಲೆ ಮೇಲೆ ಕೈಹೊತ್ತು ಒಳಕೋಣೆಯ ಹೊಸ್ತಿಲ ಮೇಲೆ ಕುಸಿದ. ಬೆನ್ನಿಗೆ ಏನೋ ಮೆತ್ತಗೆ, ತಣ್ಣಗೆ ತಗುಲಿತು.

ಹೊಗೆಸೊಪ್ಪು! ಹರಾಜಿಗೆ ಹೋಗಬೇಕಿದ್ದ, ಬಿಗಿದು ಕಟ್ಟಿದ ಹನ್ನೆರಡು ಬೇಲು ಆ ಕೋಣೆಯಲ್ಲಿದ್ದವು. ಬೆಳಿಗ್ಗೆ ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತಿದ್ದ ಎಲೆ ಈಗ ಮದುವೆಮನೆಯ ವೀಳ್ಯದೆಲೆಯಂತೆ ಮಡಚಿಕೊಳ್ಳುತ್ತಿತ್ತು.

"ನೀರು ಕುಡ್ದ ಕಳ್ಳ ಸಿಕ್ಬುಟ್ಟ!" ಎಂದು ಕಾಂತರಾಜ್ ಬಿದ್ದುಬಿದ್ದು ನಕ್ಕ. "ಮೂವತ್ತು ವರ್ಷದಿಂದ ಹೊಗೆಸೊಪ್ಪು ಬೇಯಿಸಿ ಒಣಗಿಸ್ತಿದೀಯ ಗಂಗಣ್ಣ. ಒಣಗಿದ ಸೊಪ್ಪು ಗಾಳಿ ತೇವ ಎಲ್ಲಾ ಹೀರ್‍ತದೆ ಅಂತ ಊರಿಗೆಲ್ಲ ಪಾಠ ಹೇಳೋನು ನೀನೇ ಅಲ್ವಾ?"

"ನಗೋದ್ ಬುಟ್ಟು ಕೈ ಹಾಕ್ಲಾ!"

ಇಬ್ಬರೂ ಸೇರಿ ಬೇಲುಗಳನ್ನು ಕಾಂತರಾಜನ ಕೊಟ್ಟಿಗೆಗೆ ಉರುಳಿಸಿದರು. ನೀರು ಕುಡಿದ ಒಂದೊಂದು ಬೇಲೂ ಗಬ್ಬದ ಎಮ್ಮೆಯಷ್ಟು ತೂಗಿತು. ಹನ್ನೆರಡನೆಯದನ್ನು ಇಳಿಸುವಾಗ ಗಂಗಾಧರಪ್ಪನ ಸೊಂಟದಿಂದ ಬಂದ ಸದ್ದಿಗೆ ಕೊಟ್ಟಿಗೆಯ ದನ ಹಗ್ಗ ಕಿತ್ತಿತು. ಅವನು ನಿಲ್ಲಲಿಲ್ಲ. ಬಗ್ಗಿದ ಸೊಂಟದಲ್ಲೇ ಓಡಿಬಂದು ಮತ್ತೆ ಒಲೆ ಉರಿಸಿದ, ಮತ್ತೆ ಸೀರೆ ನೆನೆಸಿದ, ಪಂಪು ತಾನೇ ಹೊತ್ತ. ಈಗ ಮುಳ್ಳು ಕದಲಿತು. ಮೂವತ್ತೈದು, ನಲವತ್ತೊಂದು, ನಲವತ್ತೇಳು... ಐದಕ್ಕೆ ಹತ್ತು ನಿಮಿಷವಿರುವಾಗ, ಐವತ್ತು!

ಸುಂದ್ರಮ್ಮ ಒಳಗೆ ಬಂದು ಮೂಗರಳಿಸಿ ಉಸಿರೆಳೆದಳು. ಮೂರು ವಾರದ ಮೇಲೆ ಮೊದಲ ಸಲ ತುಟಿ ಸೀಳದಂತೆ ನಕ್ಕಳು. "ಪರವಾಗಿಲ್ಲ ಕಣ್ರೀ ನೀವು" ಎಂದು ಚೀಲ ಬಿಚ್ಚಲು ಕೂತಳು. ಗಂಗಾಧರಪ್ಪನ ಎದೆ ಉಬ್ಬಿ ಅಂಗಿಯ ಎರಡು ಗುಂಡಿ ಹಾರಿಹೋದವು.

ಆಗ ಬಾಗಿಲಲ್ಲಿ ಕಾರು ನಿಂತಿತು. ಇಳಿದವನು ಸುಂದ್ರಮ್ಮನ ತಮ್ಮ ವೀರಭದ್ರಸ್ವಾಮಿ, ಕತ್ತಿಗೆ ಮಫ್ಲರು, ಎದೆಯಲ್ಲಿ ಕಮ್ಮಾರನ ತಿದಿಯ ಸದ್ದು.

"ಭಾವ, ಆ ನಾಲೆ ಪಕ್ಕದ ಮನೆ ಸಹವಾಸ ಸಾಕಾಯ್ತು. ಗೋಡೆಯೆಲ್ಲ ಬೂಷ್ಟು, ಹಾಸಿಗೆಯೆಲ್ಲ ತಂಡಿ, ಉಸಿರಾಡಕ್ಕೇ ಆಗಲ್ಲ. ಒಣಗಿರೋ ಮನೇಲಿದ್ರೆ ಮಾತ್ರ ವಾಸಿಯಾಗೋದು ಅಂದ್ರು ಡಾಕ್ಟ್ರು. ನಿಮ್ಮನೆಗಿಂತ ಒಣಗಿರೋ ಮನೆ ಜಿಲ್ಲೇಲೇ ಇಲ್ವಲ್ಲ! ವಾಸಿಯಾಗೋ ಗಂಟ ಇಲ್ಲೇ ಇರ್ತೀನಿ" ಎನ್ನುತ್ತಾ ಒಳಗೆ ಕಾಲಿಟ್ಟ. ಒದ್ದೆ ಸೀರೆಯೊಂದು ಪಟಾರನೆ ಮುಖಕ್ಕೆ ಬಡಿಯಿತು. ಶುರುವಾದ ಕೆಮ್ಮು ಅವನನ್ನು ಹೊಸ್ತಿಲು ದಾಟಿಸಿ ಹೊರಗೆ ಕೂರಿಸುವವರೆಗೂ ನಿಲ್ಲಲಿಲ್ಲ.

ಸುಂದ್ರಮ್ಮ ಕಣ್ಣೀರಾದಳು. "ಅಯ್ಯೋ ತಮ್ಮಯ್ಯಾ! ರೀ, ಕಿಟಕಿ ತೆಗೀರಿ, ಆ ಸೀರೆಯೆಲ್ಲ ಕಿತ್ತಾಕಿ. ನಾಳೆಯೊಳಗೆ ಮನೆ ಮೊದಲಿನಂಗೆ ಒಣಗಿರ್ಬೇಕು!"

"ಮತ್ತೆ ನಿನ್ ತುಟಿ ಕಣೆ?"

"ಅದಕ್ಕೇನೀಗ? ಅಲ್ಲಿ ನಾಲೆ ಮನೆ ಹೆಂಗೂ ಇದೆ, ಕಾರೂ ವಾಪಸ್ ಹೋಗ್ತದೆ. ಇವನನ್ನ ಚೆನ್ನಾಗಿ ನೋಡ್ಕೊಳ್ಳಿ. ಇವನು ವಾಸಿಯಾಗಿ ಅಲ್ಲಿಗೆ ಬಂದ ದಿನ ನಾನು ವಾಪಸ್ ಬತ್ತೀನಿ" ಎಂದು ಚೀಲ ಎತ್ತಿಕೊಂಡು ಕಾರು ಹತ್ತಿಯೇಬಿಟ್ಟಳು.

ಕಾರಿನ ಧೂಳು ಅಡಗಿತು. ಗಂಗಾಧರಪ್ಪ ಹಲ್ಲುಕಚ್ಚಿ ಮೊದಲ ಗೋಣಿಚೀಲ ಎತ್ತಿ ಹಿಂಡತೊಡಗಿದ. ಜಗುಲಿಯ ಮೇಲೆ ಕೂತು ಸೆರಗಿನಲ್ಲಿ ತಲೆ ಒರೆಸಿಕೊಳ್ಳುತ್ತಿದ್ದ ಚಿಕ್ಕಬೀರಮ್ಮ ಅವನನ್ನೇ ನೋಡಿದಳು.

"ನಿಧಾನಕ್ಕೆ ಯೋಚ್ನೆ ಮಾಡಿ ಹಿಂಡ್ಲಾ ಮಗ. ಮನೆ ಒಣಗಿಸ್ದಿದ್ರೆ ಬಾಮೈದ ವಾಸಿಯಾಗಿ ಹೋಗಾಕಿಲ್ಲ. ಒಣಗಿಸಿದ್ರೆ ಹೆಂಡ್ರು ನಿಲ್ಲಾಕಿಲ್ಲ."